ಹದಿನಾರರ ಹುಡುಗಿಗೂ ಈ ಪರೀಕ್ಷೆಗಳು ಸಿಗಲಿ: ಪ್ಯಾಂಕ್ರಿಯಾಸ್ ರೋಗಿಗಳ ಪರವಾಗಿ ಆರೋಗ್ಯ ಸಚಿವರಿಗೆ ಬಹಿರಂಗ ಪತ್ರ

ಮಾನ್ಯ ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಸಚಿವರಿಗೆ, ಇಲಾಖೆಯ ಅಧಿಕಾರಿಗಳಿಗೆ ಮತ್ತು ಜಿಲ್ಲಾ ಆಸ್ಪತ್ರೆಗಳ ವೈದ್ಯರಿಗೆ,

ನಮಸ್ಕಾರ.

ನಾನು ದಕ್ಷಿಣ ಕನ್ನಡದ ಒಂದು ಸಣ್ಣ ಪೇಟೆಯ ಲ್ಯಾಬ್‌ನಲ್ಲಿ ಟೆಕ್ನಿಷಿಯನ್. ರಕ್ತ ತೆಗೆಯುವುದು, ಮಲ ಮೂತ್ರದ ಡಬ್ಬಿಗಳಿಗೆ ನಂಬರ್ ಹಾಕುವುದು, ರಿಪೋರ್ಟ್ ಪ್ರಿಂಟ್ ತೆಗೆಯುವುದು ನನ್ನ ದಿನದ ಕೆಲಸ. ರೋಗಿಗೆ ಏನಾಗಿದೆ ಎಂದು ಹೇಳುವುದು ವೈದ್ಯರ ಕೆಲಸ, ನನ್ನದಲ್ಲ. ಆದರೆ ಯಾವ ಪರೀಕ್ಷೆ ಮತ್ತೆ ಮತ್ತೆ ಬರೆಯುತ್ತಾರೆ, ಯಾವುದನ್ನು ಬರೆಯುವುದೇ ಇಲ್ಲ ಎನ್ನುವುದು ನಮ್ಮ ಕೌಂಟರ್‌ನಲ್ಲಿ ಕೂತವರಿಗೆ ಚೆನ್ನಾಗಿ ಗೊತ್ತಾಗುತ್ತದೆ. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ನನ್ನ ಬೇಡಿಕೆ ಮೊದಲೇ ಹೇಳಿಬಿಡುತ್ತೇನೆ. ದೀರ್ಘಕಾಲದ ಪ್ಯಾಂಕ್ರಿಯಾಟೈಟಿಸ್, ಅಂದರೆ ಪ್ಯಾಂಕ್ರಿಯಾಸ್‌ನ ಉರಿಯೂತ, ಇದೆ ಎಂದು ಗೊತ್ತಾದ ಪ್ರತಿಯೊಬ್ಬರಿಗೂ, ವಯಸ್ಸು ಎಷ್ಟೇ ಇರಲಿ, ವರ್ಷಕ್ಕೊಮ್ಮೆ ಕೆಲವು ಸರಳ ಪರೀಕ್ಷೆಗಳು ಜಿಲ್ಲಾ ಆಸ್ಪತ್ರೆಯಲ್ಲಿ ಉಚಿತವಾಗಿ ಸಿಗಬೇಕು. ಆ ಪರೀಕ್ಷೆಗಳಲ್ಲಿ ಕೊರತೆ ಕಂಡರೆ ಬೇಕಾಗುವ ಮಾತ್ರೆಗಳೂ ಅಲ್ಲೇ ಸಿಗಬೇಕು.

ಪ್ಯಾಂಕ್ರಿಯಾಸ್ ಎಂದರೆ ಮೇದೋಜ್ಜೀರಕ ಗ್ರಂಥಿ. ಜಠರದ ಹಿಂದೆ, ಬೆನ್ನುಮೂಳೆಯ ಮುಂದೆ ಅಡ್ಡವಾಗಿ ಇರುತ್ತದೆ. ಅದಕ್ಕೆ ಎರಡು ಕೆಲಸ. ತಿಂದದ್ದು ಜೀರ್ಣವಾಗಲು ರಸ ಸುರಿಸುವುದು ಒಂದು, ಇನ್ಸುಲಿನ್ ಮಾಡಿ ರಕ್ತದ ಸಕ್ಕರೆಯನ್ನು ಹಿಡಿತದಲ್ಲಿಡುವುದು ಇನ್ನೊಂದು. ಉರಿಯೂತ ಪದೇ ಪದೇ ಬಂದು ಗ್ರಂಥಿ ಗಟ್ಟಿಯಾಗುತ್ತಾ ಹೋದರೆ ಎರಡೂ ಕೆಲಸ ನಿಧಾನಕ್ಕೆ ನಿಲ್ಲುತ್ತವೆ. ಎಷ್ಟೋ ಜನರಲ್ಲಿ ಗ್ರಂಥಿಯ ನಾಳದೊಳಗೆ ಸುಣ್ಣದ ಕಲ್ಲುಗಳು ಕಟ್ಟಿಕೊಳ್ಳುತ್ತವೆ. ಒಮ್ಮೆ ಗಟ್ಟಿಯಾದ ಭಾಗ ಮತ್ತೆ ಮೊದಲಿನಂತಾಗುವುದಿಲ್ಲ.

ಈ ಕಾಯಿಲೆಗೂ ನಮ್ಮ ಕಡೆಗೂ ಹಳೆಯ ನಂಟಿದೆ. ಕುಡಿತದ ಸಂಬಂಧವೇ ಇಲ್ಲದೆ, ಚಿಕ್ಕ ವಯಸ್ಸಿನವರಲ್ಲಿ ದೊಡ್ಡ ದೊಡ್ಡ ಕಲ್ಲುಗಳೊಂದಿಗೆ ಬರುವ ಒಂದು ಬಗೆಯ ಪ್ಯಾಂಕ್ರಿಯಾಟೈಟಿಸ್ ಅನ್ನು 1959ರಲ್ಲಿ ಇಂಡೋನೇಷ್ಯಾದಲ್ಲಿ ಜೂಯ್ಡೆಮಾ ಎಂಬ ವೈದ್ಯರು ವಿವರಿಸಿದರು. 1960ರ ದಶಕದಲ್ಲಿ ಕೇರಳದ ಡಾ. ಗೀವರ್ಗೀಸ್ ಅವರು ಅಂಥ ನೂರಾರು ರೋಗಿಗಳನ್ನು ನೋಡಿ ದಾಖಲಿಸಿದರು. ಬಾಲ್ಯದಲ್ಲಿ ಹೊಟ್ಟೆನೋವು, ಹದಿಹರೆಯದಲ್ಲಿ ಶುಗರ್, ತುಂಬು ಯೌವನದಲ್ಲಿ ಸಾವು: ಆ ಕಾಲದ ರೋಗಿಗಳ ಬದುಕು ಇಷ್ಟರಲ್ಲೇ ಮುಗಿಯುತ್ತಿತ್ತು. ಆಮೇಲೆ ಚೆನ್ನೈನ ಡಾ. ವಿ. ಮೋಹನ್ ಅವರಂಥವರು ಈ ಶುಗರ್ ಬಗ್ಗೆ ವರ್ಷಗಟ್ಟಲೆ ಕೆಲಸ ಮಾಡಿದರು. ಮರಗೆಣಸು ತಿನ್ನುವುದರಿಂದ ಬರುತ್ತದೆ ಎಂಬ ಮಾತು ಬಹಳ ಕಾಲ ಇತ್ತು, ಅದು ಸಾಬೀತಾಗಲಿಲ್ಲ. ಹೈದರಾಬಾದಿನ ಸಿಸಿಎಂಬಿ ಎಂಬ ಜೀವಕೋಶ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು 2002ರಲ್ಲಿ, ಸ್ಪಿಂಕ್-1 ಎಂಬ ಜೀನ್‌ನ ಬದಲಾವಣೆಗೂ ಈ ಕಾಯಿಲೆಗೂ ಸಂಬಂಧ ಇದೆ ಎಂದು ತೋರಿಸಿದರು. ದಕ್ಷಿಣ ಭಾರತದಲ್ಲಿ ದೀರ್ಘಕಾಲದ ಪ್ಯಾಂಕ್ರಿಯಾಟೈಟಿಸ್ ಲಕ್ಷಕ್ಕೆ 114ರಿಂದ 200 ಜನರಲ್ಲಿ ಇದೆ ಎಂಬ ಅಂದಾಜು ವೈದ್ಯಕೀಯ ಬರಹಗಳಲ್ಲಿ ಸಿಗುತ್ತದೆ. ಇದು ಪಶ್ಚಿಮದ ದೇಶಗಳಿಗಿಂತ ಎಷ್ಟೋ ಪಾಲು ಜಾಸ್ತಿ. ಹಾಗಿರುವಾಗ ಇದನ್ನು ಅಪರೂಪದ ಕಾಯಿಲೆ ಎಂದು ಬದಿಗಿಡಲು ಹೇಗೆ ಸಾಧ್ಯ?

ಇನ್ನೊಂದು ಮಾತು ಇಲ್ಲಿಯೇ ಹೇಳಬೇಕು. ಪ್ಯಾಂಕ್ರಿಯಾಟೈಟಿಸ್ ಎಂದರೆ ಸಾಕು, ಎದುರಿಗಿರುವವರು ಕೇಳುವ ಮೊದಲ ಪ್ರಶ್ನೆ, 'ಕುಡೀತಿದ್ರಾ?' ಕುಡಿತ ಮತ್ತು ಬೀಡಿ ಸಿಗರೇಟು ಈ ಕಾಯಿಲೆಗೆ ದೊಡ್ಡ ಕಾರಣಗಳು, ಅದರಲ್ಲಿ ಅನುಮಾನವೇ ಇಲ್ಲ. ಆದರೆ 2008ರಲ್ಲಿ ಪ್ರಕಟವಾದ, ದೇಶದ ಸಾವಿರಕ್ಕೂ ಹೆಚ್ಚು ರೋಗಿಗಳನ್ನು ಸೇರಿಸಿ ಮಾಡಿದ ಅಧ್ಯಯನದಲ್ಲಿ ಸುಮಾರು 60 ಶೇಕಡಾ ಜನರಿಗೆ ನಿರ್ದಿಷ್ಟ ಕಾರಣ ಸಿಕ್ಕಿರಲಿಲ್ಲ. ಕುಡಿತದಿಂದ ಬಂದವರು 40 ಶೇಕಡಾಕ್ಕಿಂತ ಕಡಿಮೆ. ಹನಿ ಹೆಂಡ ಮುಟ್ಟದ ಹೆಣ್ಣುಮಕ್ಕಳು, ಶಾಲೆಗೆ ಹೋಗುವ ಮಕ್ಕಳು ಈ ಗುಂಪಿನಲ್ಲಿದ್ದಾರೆ. ಕುಡಿದು ಕಾಯಿಲೆ ತಂದುಕೊಂಡವರಿಗೂ ಚಿಕಿತ್ಸೆ ಬೇಕು, ಅದು ಬೇರೆ ಮಾತು. ಆದರೆ ಮಗಳ ಕಾಯಿಲೆಯ ಹೆಸರನ್ನು ಅಕ್ಕಪಕ್ಕದವರಿಗೆ ಹೇಳಲು ತಾಯಿ ಹೆದರುವ ಪರಿಸ್ಥಿತಿ ಇದೆಯಲ್ಲ, ಅದರಿಂದಲೇ ಎಷ್ಟೋ ಮಂದಿ ತಡವಾಗಿ ಬರುತ್ತಾರೆ.

ಈಗ ನಮ್ಮ ಕೌಂಟರ್‌ನ ವಿಷಯಕ್ಕೆ ಬರುತ್ತೇನೆ.

ಹೊಟ್ಟೆನೋವು ಎಂದು ಬಂದವರ ಚೀಟಿಯಲ್ಲಿ ಹೆಚ್ಚಾಗಿ ಇರುವುದು ಎರಡು ಪರೀಕ್ಷೆ, ಅಮೈಲೇಸ್ ಮತ್ತು ಲೈಪೇಸ್. ಎರಡೂ ಪ್ಯಾಂಕ್ರಿಯಾಸ್‌ನ ಜೀರ್ಣರಸದಲ್ಲಿರುವ ಕಿಣ್ವಗಳು. ಪ್ಯಾಂಕ್ರಿಯಾಸ್‌ಗೆ ಹಠಾತ್ತನೆ ಊತ ಬಂದಾಗ ಈ ಎರಡೂ ರಕ್ತದಲ್ಲಿ ಏರುತ್ತವೆ. ಅಂಥ ಹೊತ್ತಿನಲ್ಲಿ ಇವು ಒಳ್ಳೆಯ ಪರೀಕ್ಷೆಗಳೇ. ಆದರೆ ವರ್ಷಗಳಿಂದ ಗ್ರಂಥಿ ಸವೆದು ಹೋಗಿರುವವರಲ್ಲಿ ರಕ್ತಕ್ಕೆ ಸೋರಲು ಕಿಣ್ವವೇ ಉಳಿದಿರುವುದಿಲ್ಲ. ಹಾಗಾಗಿ ರಿಪೋರ್ಟ್ ನಾರ್ಮಲ್ ಬರುತ್ತದೆ. ಪ್ಯಾಂಕ್ರಿಯಾಸ್ ಹಾಳಾದಷ್ಟೂ ರಿಪೋರ್ಟ್ ನಾರ್ಮಲ್ ಬರುವ ಸಾಧ್ಯತೆ ಜಾಸ್ತಿ. ಆ ನಾರ್ಮಲ್ ನೋಡಿ ಗ್ಯಾಸ್ಟ್ರಿಕ್ ಮಾತ್ರೆ ಕೊಟ್ಟು ಕಳಿಸುತ್ತಾರೆ. ನೋವು ಮತ್ತೆ ಬರುತ್ತದೆ. ಅದೇ ಎರಡು ಪರೀಕ್ಷೆ, ಅದೇ ನಾರ್ಮಲ್, ಅದೇ ಮಾತ್ರೆ.

ಒಂದು ಸಂದರ್ಭ ಹೇಳುತ್ತೇನೆ. ಪಿಯುಸಿ ಓದುವ ಹುಡುಗಿಯನ್ನು ಅವಳ ಅಮ್ಮ ಬೆಳಗ್ಗೆ ಖಾಲಿ ಹೊಟ್ಟೆಯಲ್ಲಿ ಕರೆದುಕೊಂಡು ಬಂದಿದ್ದರು. ಸಮವಸ್ತ್ರದ ತೋಳು ಮಡಚಿದರೆ ರಕ್ತ ತೆಗೆಯಲು ಪಟ್ಟಿ ಬಿಗಿಯುವುದೇ ಕಷ್ಟ, ಅಷ್ಟು ಸಣಕಲು ಕೈ. ಶುಗರ್ 280 ದಾಟಿತ್ತು. ಅಮ್ಮನ ಪ್ಲಾಸ್ಟಿಕ್ ಚೀಲದಲ್ಲಿ ಹಳೆಯ ರಿಪೋರ್ಟ್‌ಗಳ ಕಟ್ಟು. ಎಲ್ಲ ಅಮೈಲೇಸ್ ಲೈಪೇಸ್, ಎಲ್ಲ ನಾರ್ಮಲ್. 'ಅಕ್ಕಾ, ಎಲ್ರೂ ಗ್ಯಾಸ್ಟ್ರಿಕ್ ಅಂತಲೇ ಹೇಳಿದ್ದು. ಬೆಳಗ್ಗೆ ಉಪವಾಸ ಹೋಗ್ತಾಳೆ, ಅದಕ್ಕೇ ಅಂತ ನಾನೇ ಬೈತಿದ್ದೆ,' ಎಂದರು. ಆ ದಿನ ವೈದ್ಯರು ಹೊಟ್ಟೆಯ ಒಂದು ಸಾದಾ ಎಕ್ಸ್‌ರೇ ಬರೆದುಕೊಟ್ಟರು. ಫಿಲ್ಮ್ ಅನ್ನು ಟ್ಯೂಬ್‌ಲೈಟಿಗೆ ಹಿಡಿದಾಗ ಬೆನ್ನುಮೂಳೆಯ ಎರಡೂ ಬದಿಗೆ, ಸೊಂಟದಿಂದ ಸ್ವಲ್ಪ ಮೇಲೆ, ಬಿಳಿ ಕಲ್ಲುಗಳು ಅಡ್ಡಸಾಲಾಗಿ ಕಂಡವು. ಯಾರು ನೋಡಿದರೂ ಕಾಣುವಂತಿತ್ತು. ಹುಡುಗಿ ಕೇಳಿದ್ದು ಒಂದೇ, 'ಪರೀಕ್ಷೆ ಬರೀಬಹುದಾ?' ಅವಳಿಗೆ ವಾರ್ಷಿಕ ಪರೀಕ್ಷೆ ಹತ್ತಿರ ಇತ್ತು.

ಈ ಹುಡುಗಿಯನ್ನು ನಮ್ಮ ಸರ್ಕಾರಿ ವ್ಯವಸ್ಥೆ ಹುಡುಕಿ ಹಿಡಿಯುತ್ತಿತ್ತೇ? ಇಲ್ಲ. ರಾಷ್ಟ್ರೀಯ ಕಾರ್ಯಕ್ರಮದಲ್ಲಿ ಶುಗರ್, ಬಿಪಿ ತಪಾಸಣೆ ಮಾಡುವುದು 30 ವರ್ಷ ದಾಟಿದವರಿಗೆ. ಸಾಮಾನ್ಯ ಶುಗರ್‌ಗೆ ಆ ಗೆರೆ ಸರಿ ಇರಬಹುದು. ಆಶಾ ಕಾರ್ಯಕರ್ತೆಯರು ಮನೆ ಮನೆಗೆ ಹೋಗಿ ಮಾಡುವ ಕೆಲಸದ ಬಗ್ಗೆ ನನಗೆ ತುಂಬಾ ಗೌರವ ಇದೆ. ಆದರೆ ಪ್ಯಾಂಕ್ರಿಯಾಸ್ ಹಾಳಾಗಿ ಬರುವ ಶುಗರ್ ಮೂವತ್ತರ ತನಕ ಕಾಯುವುದಿಲ್ಲ. ಅಮೆರಿಕನ್ ಡಯಾಬಿಟಿಸ್ ಅಸೋಸಿಯೇಷನ್ ತನ್ನ 2024ರ ಮಾರ್ಗಸೂಚಿಯಲ್ಲಿ ಸ್ಪಷ್ಟವಾಗಿ ಹೇಳಿದೆ: ಹಠಾತ್ ಪ್ಯಾಂಕ್ರಿಯಾಟೈಟಿಸ್ ಬಂದು ಹೋದವರಿಗೆ 3ರಿಂದ 6 ತಿಂಗಳೊಳಗೆ, ಆಮೇಲೆ ಪ್ರತಿ ವರ್ಷ ಶುಗರ್ ನೋಡಬೇಕು. ದೀರ್ಘಕಾಲದ ಪ್ಯಾಂಕ್ರಿಯಾಟೈಟಿಸ್ ಇದ್ದವರಿಗೂ ಪ್ರತಿ ವರ್ಷ ನೋಡಬೇಕು. ಅಲ್ಲಿ ವಯಸ್ಸಿನ ಗೆರೆ ಇಲ್ಲ. ಒಂದು ಸುತ್ತೋಲೆ ಹೊರಡಿಸಿದರೆ ನಮ್ಮಲ್ಲೂ ಇದು ನಾಳೆಯಿಂದಲೇ ಆಗುವ ಕೆಲಸ.

ಈ ಶುಗರ್ ಬೇರೆಯದೇ ಜಾತಿಯದು. ವೈದ್ಯರು ಇದನ್ನು ಟೈಪ್ 3ಸಿ ಎನ್ನುತ್ತಾರೆ. ಕಾಯಿಲೆಯಲ್ಲಿ ಇನ್ಸುಲಿನ್ ಮಾಡುವ ಜೀವಕೋಶಗಳ ಜೊತೆ ಗ್ಲುಕಗಾನ್ ಮಾಡುವ ಜೀವಕೋಶಗಳೂ ಸಾಯುತ್ತವೆ. ಸಕ್ಕರೆ ತೀರಾ ಇಳಿದಾಗ ಮೇಲೆತ್ತುವ ಹಾರ್ಮೋನು ಈ ಗ್ಲುಕಗಾನ್. ಅದೇ ಇಲ್ಲದಿದ್ದರೆ ಇನ್ಸುಲಿನ್ ತೆಗೆದುಕೊಂಡು ಊಟ ತಡವಾದಾಗ ಶುಗರ್ ಸರ್ರನೆ ಇಳಿಯುತ್ತದೆ. ಒಂದು ದಿನ 300, ಮರುದಿನ 50. ಮನೆಯವರು 'ಪಥ್ಯ ಮಾಡುವುದಿಲ್ಲ' ಎಂದು ರೋಗಿಯನ್ನೇ ದೂರುತ್ತಾರೆ. ತಪ್ಪು ರೋಗಿಯದಲ್ಲ. ಇದು ಟೈಪ್ 2 ಎಂದು ಬರೆದುಕೊಂಡು ಅದೇ ಚಿಕಿತ್ಸೆ ಮುಂದುವರಿಸಿದರೆ ಇಂಥ ಅಪಾಯ ಯಾರ ಗಮನಕ್ಕೂ ಬರುವುದಿಲ್ಲ. ಯಾವ ಜಾತಿಯ ಶುಗರ್ ಎಂದು ಬೇರ್ಪಡಿಸಲು ರಕ್ತದ ಗುರುತುಗಳು ಇವೆ. ಸಿ-ಪೆಪ್ಟೈಡ್ ನೋಡಿದರೆ ದೇಹ ಸ್ವಂತವಾಗಿ ಎಷ್ಟು ಇನ್ಸುಲಿನ್ ಮಾಡುತ್ತಿದೆ ಎಂದು ತಿಳಿಯುತ್ತದೆ. ದೇಹವೇ ತನ್ನ ಇನ್ಸುಲಿನ್ ಜೀವಕೋಶಗಳ ಮೇಲೆ ತಿರುಗಿಬಿದ್ದಿದೆ ಎಂದು ತೋರಿಸುವ ಗ್ಯಾಡ್ ಆಂಟಿಬಾಡಿ ಇದ್ದರೆ ಟೈಪ್ 1 ಕಡೆ ಯೋಚಿಸಬೇಕು, 3ಸಿಯಲ್ಲಿ ಅದು ಸಾಮಾನ್ಯವಾಗಿ ಇರುವುದಿಲ್ಲ. ಊಟ ಕೊಟ್ಟ ಮೇಲೆ ಪ್ಯಾಂಕ್ರಿಯಾಟಿಕ್ ಪಾಲಿಪೆಪ್ಟೈಡ್ ಎಂಬ ಹಾರ್ಮೋನು ಏರುತ್ತದೋ ಇಲ್ಲವೋ ನೋಡುವ ಕ್ರಮವೂ ಇದೆ. ಅದು ಇನ್ನೂ ದೊಡ್ಡ ಸಂಶೋಧನಾ ಕೇಂದ್ರಗಳ ಮಟ್ಟದ್ದು, ತಾಲ್ಲೂಕಿಗೆ ಬೇಕೆಂದು ನಾನು ಕೇಳುವುದಿಲ್ಲ.

ಎಚ್‌ಬಿಎ1ಸಿ ಬಗ್ಗೆ ಒಂದು ಎಚ್ಚರಿಕೆ ಹೇಳಬೇಕು. ಮೂರು ತಿಂಗಳ ಸರಾಸರಿ ಎಂದು ಎಲ್ಲರೂ ನಂಬುವ ಪರೀಕ್ಷೆ ಅದು. 6.5 ದಾಟಿದರೆ ಶುಗರ್ ಎಂದು ಲೆಕ್ಕ. ಆದರೆ ರಕ್ತಹೀನತೆ ಇದ್ದರೆ ಆ ಅಂಕಿ ದಾರಿ ತಪ್ಪಿಸುತ್ತದೆ. ಕಬ್ಬಿಣದ ಕೊರತೆಯಿದ್ದರೆ ಸುಳ್ಳಾಗಿ ಏರಬಹುದು, ಕೆಂಪು ರಕ್ತಕಣಗಳು ಬೇಗ ಒಡೆಯುವ ಕಾಯಿಲೆ ಇದ್ದರೆ ಸುಳ್ಳಾಗಿ ಇಳಿಯಬಹುದು. ಪ್ಯಾಂಕ್ರಿಯಾಸ್ ರೋಗಿಗಳು ಹೇಗೂ ಸೊರಗಿದವರು, ರಕ್ತಹೀನತೆ ಅವರಲ್ಲಿ ಸಾಮಾನ್ಯ. ಆದ್ದರಿಂದ ಖಾಲಿ ಹೊಟ್ಟೆಯ ಶುಗರ್ ಮತ್ತು ಹಿಮೋಗ್ಲೋಬಿನ್ ಜೊತೆಗಿಟ್ಟುಕೊಂಡೇ ಅದನ್ನು ಓದಬೇಕು.

ಇನ್ನು ನಾನು ಹೆಚ್ಚು ಹೇಳಬೇಕಾಗಿರುವುದು ಮಲದ ಪರೀಕ್ಷೆಯ ಬಗ್ಗೆ. ಇದನ್ನು ಯಾರೂ ಬಾಯಿಬಿಟ್ಟು ಮಾತಾಡುವುದಿಲ್ಲ. ಡಬ್ಬಿ ಕೊಟ್ಟರೆ ಮುಖ ಕೆಂಪಾಗುತ್ತದೆ, ಎಷ್ಟೋ ಜನ ಡಬ್ಬಿ ವಾಪಸ್ ತರುವುದೇ ಇಲ್ಲ. ಆದರೆ ಈ ಕಾಯಿಲೆಯಲ್ಲಿ ಅತಿ ಮುಖ್ಯವಾದ ಸುದ್ದಿ ಅಲ್ಲೇ ಇರುತ್ತದೆ.

ಜೀರ್ಣರಸ ಕಡಿಮೆಯಾದಾಗ ತಿಂದ ಕೊಬ್ಬು ಕರಗದೆ ಹಾಗೆಯೇ ಹೊರಗೆ ಹೋಗುತ್ತದೆ. ಮಲ ಎಣ್ಣೆಯೆಣ್ಣೆಯಾಗಿ, ತೀರಾ ವಾಸನೆಯಾಗಿ, ನೀರು ಸುರಿದರೂ ಕಮೋಡಿಗೆ ಅಂಟಿಕೊಂಡು ಉಳಿಯುತ್ತದೆ. ಹಾಗಾದಾಗ ಡಾಕ್ಟರಿಗೆ ಹೇಳಿದರಾಯ್ತು ಅಂತ ಅನ್ನಿಸಬಹುದು. ಆದರೆ ಲೈಪೇಸ್ ಸ್ರವಿಸುವ ಶಕ್ತಿ ಹತ್ತರಲ್ಲಿ ಒಂಬತ್ತು ಪಾಲು ಹೋದ ಮೇಲಷ್ಟೇ ಈ ಎಣ್ಣೆಮಲ ಕಾಣಿಸುತ್ತದೆ ಎಂದು 1973ರಷ್ಟು ಹಿಂದೆಯೇ ತೋರಿಸಿದ್ದಾರೆ. ಅಂದರೆ ಕಣ್ಣಿಗೆ ಕಾಣುವಷ್ಟರಲ್ಲಿ ತಡವಾಗಿರುತ್ತದೆ. ಮೇಲಾಗಿ, ನೋವಿಗೆ ಹೆದರಿ ಎಣ್ಣೆ ತುಪ್ಪ ಪೂರ್ತಿ ಬಿಟ್ಟವರಲ್ಲಿ ಎಣ್ಣೆಮಲ ಕಾಣಿಸದೇ ಹೋಗಬಹುದು. ಜೀರ್ಣಶಕ್ತಿ ಕುಸಿದಿದ್ದರೂ ಹೊರಗೆ ಗೊತ್ತಾಗುವುದಿಲ್ಲ.

ಮೊದಲು ಇದಕ್ಕೆ ಇದ್ದ ಪರೀಕ್ಷೆ ಎಂದರೆ ದಿನಕ್ಕೆ 100 ಗ್ರಾಂ ಕೊಬ್ಬು ತಿನ್ನಿಸಿ, 72 ಗಂಟೆಯ ಮಲ ಪೂರ್ತಿ ಸಂಗ್ರಹಿಸಿ, ಅದರಲ್ಲಿ ಕೊಬ್ಬು ಎಷ್ಟಿದೆ ಎಂದು ಅಳೆಯುವುದು. ದಿನಕ್ಕೆ 7 ಗ್ರಾಂಗಿಂತ ಹೆಚ್ಚಿದ್ದರೆ ತೊಂದರೆ. ಅದನ್ನು ಯಾವ ಮನೆಯಲ್ಲಿ ಮಾಡಲಾಗುತ್ತದೆ ಹೇಳಿ? ರೋಗಿಗೂ ಬೇಡ, ನಮಗೂ ಬೇಡ. ಈಗ ಇರುವುದು ಫೀಕಲ್ ಇಲಾಸ್ಟೇಸ್ ಪರೀಕ್ಷೆ. ಪ್ಯಾಂಕ್ರಿಯಾಸ್ ಮಾಡುವ ಇಲಾಸ್ಟೇಸ್ ಎಂಬ ಕಿಣ್ವ ಕರುಳಿನಲ್ಲಿ ಹೆಚ್ಚು ಹಾಳಾಗದೆ ಮಲದವರೆಗೆ ಬರುತ್ತದೆ. ಕಡಲೆಕಾಳಿನಷ್ಟು ಮಲ ಸಾಕು. ಒಂದು ಗ್ರಾಂನಲ್ಲಿ 200 ಮೈಕ್ರೋಗ್ರಾಂಗಿಂತ ಕಡಿಮೆ ಇದ್ದರೆ ಕೊರತೆಯ ಅನುಮಾನ, 100ಕ್ಕಿಂತ ಕಡಿಮೆ ಇದ್ದರೆ ಗಂಭೀರ ಕೊರತೆ. ರೋಗಿ ಕಿಣ್ವದ ಮಾತ್ರೆ ತಿನ್ನುತ್ತಿದ್ದರೂ ನಿಲ್ಲಿಸಬೇಕಾಗಿಲ್ಲ, ಏಕೆಂದರೆ ಆ ಮಾತ್ರೆ ಹಂದಿಯ ಪ್ಯಾಂಕ್ರಿಯಾಸ್‌ನಿಂದ ಮಾಡಿದ್ದು, ಒಂದೇ ಬಗೆಯ ಆಂಟಿಬಾಡಿ ಬಳಸುವ ಮೊನೊಕ್ಲೋನಲ್ ಕಿಟ್ ಹಿಡಿಯುವುದು ಮನುಷ್ಯರ ಇಲಾಸ್ಟೇಸನ್ನು ಮಾತ್ರ.

ಇದಕ್ಕೂ ಮಿತಿಗಳಿವೆ. ಕಾಯಿಲೆ ತೀರಾ ಆರಂಭದಲ್ಲಿದ್ದರೆ ಇದು ಹಿಡಿಯದೇ ಇರಬಹುದು. ಭೇದಿಯಾಗಿ ಮಲ ನೀರಾಗಿದ್ದರೆ ಅಂಕಿ ಸುಳ್ಳಾಗಿ ಕಡಿಮೆ ಬರುತ್ತದೆ. ಅಂಥ ಡಬ್ಬಿ ಬಂದರೆ ವಾಪಸ್ ಕಳಿಸಿ, ಗಟ್ಟಿ ಮಲ ತರಲು ಹೇಳಬೇಕು. ಇದನ್ನು ಟೆಕ್ನಿಷಿಯನ್‌ಗಳಿಗೆ ಒಂದು ದಿನದ ತರಬೇತಿಯಲ್ಲಿ ಕಲಿಸಬಹುದು.

ಸಾರ್, ನಾನು ನಿಮ್ಮ ಗಮನ ಸೆಳೆಯಬೇಕಾದ ಮುಖ್ಯ ವಿಷಯ ಇಲ್ಲಿದೆ. ಈ ಪರೀಕ್ಷೆ ಮಾಡುವುದು ಎಲೈಸಾ ವಿಧಾನದಲ್ಲಿ, ಅಂದರೆ ಗುಳಿಗಳಿರುವ ಪ್ಲೇಟ್‌ನಲ್ಲಿ ಹಲವು ಮಾದರಿಗಳನ್ನು ಒಟ್ಟಿಗೆ ಆಂಟಿಬಾಡಿಯಿಂದ ಪರೀಕ್ಷಿಸುವ ಕ್ರಮದಲ್ಲಿ. ಡೆಂಗಿ, ಚಿಕುನ್‌ಗುನ್ಯ ಪರೀಕ್ಷೆಗೆ ಎಲೈಸಾ ಯಂತ್ರಗಳು ನಮ್ಮ ಜಿಲ್ಲಾ ಮಟ್ಟದ ಸರ್ಕಾರಿ ಪ್ರಯೋಗಾಲಯಗಳಲ್ಲಿ ಈಗಾಗಲೇ ಇವೆ. ಅದನ್ನು ನಡೆಸುವ ಸಿಬ್ಬಂದಿ ಇದ್ದಾರೆ. ಮಳೆಗಾಲದಲ್ಲಿ ಡೆಂಗಿ ಏರಿದಾಗ ಆ ಯಂತ್ರಗಳಿಗೆ ಬಿಡುವಿಲ್ಲ, ಬೇಸಿಗೆಯಲ್ಲಿ ಬಿಡುವಿರುತ್ತದೆ. ಇಲಾಸ್ಟೇಸ್ ಗಟ್ಟಿ ಕಿಣ್ವ, ಮಾದರಿಯನ್ನು ಡೀಪ್ ಫ್ರೀಜರ್‌ನಲ್ಲಿಟ್ಟರೆ ತಿಂಗಳುಗಟ್ಟಲೆ ಉಳಿಯುತ್ತದೆ. ತಾಲ್ಲೂಕುಗಳಿಂದ ಡಬ್ಬಿಗಳನ್ನು ತರಿಸಿ, ಫ್ರೀಜರ್‌ನಲ್ಲಿಟ್ಟು, ಒಂದು ಪ್ಲೇಟ್ ತುಂಬುವಷ್ಟು ಸೇರಿದಾಗ ಒಟ್ಟಿಗೆ ಮಾಡಬಹುದು. ಹೊಸ ಕಟ್ಟಡ ಬೇಡ, ಹೊಸ ಯಂತ್ರ ಬೇಡ. ಕಿಟ್ ಕೊಳ್ಳಲು ದುಡ್ಡು ಮತ್ತು ಒಂದು ಆದೇಶ ಬೇಕು, ಅಷ್ಟೇ. ಇಂದು ಖಾಸಗಿಯಾಗಿ ಈ ಪರೀಕ್ಷೆ ಮಾಡಿಸಬೇಕೆಂದರೆ ನಮ್ಮಂಥ ಪೇಟೆಗಳಿಂದ ಮಾದರಿಯನ್ನು ದೊಡ್ಡ ಊರಿನ ಲ್ಯಾಬಿಗೆ ಕಳಿಸಬೇಕು. ಕೂಲಿ ಮಾಡುವ ಮನೆಯವರು ರೇಟು ಕೇಳಿಯೇ ಬೇಡ ಎನ್ನುತ್ತಾರೆ.

ಇಲಾಸ್ಟೇಸ್ ಕಡಿಮೆ ಎಂದು ಗೊತ್ತಾದರೆ ಏನು ಮಾಡಬೇಕು ಎಂಬುದೂ ಸ್ಪಷ್ಟವಾಗಿದೆ. ಕಿಣ್ವದ ಕ್ಯಾಪ್ಸೂಲನ್ನು ಊಟದ ಜೊತೆಗೇ ತಿನ್ನಬೇಕು. ಯುರೋಪಿನ ತಜ್ಞರ 2017ರ ಮಾರ್ಗಸೂಚಿಯ ಪ್ರಕಾರ ದೊಡ್ಡವರಿಗೆ ಪ್ರತಿ ಊಟಕ್ಕೆ 40,000ದಿಂದ 50,000 ಯೂನಿಟ್ ಲೈಪೇಸ್, ತಿಂಡಿಗೆ ಅದರ ಅರ್ಧ. ನಮ್ಮಲ್ಲಿ ಎಷ್ಟೋ ಜನ ದಿನಕ್ಕೊಂದು ಸಣ್ಣ ಮಾತ್ರೆಯನ್ನು, ಅದೂ ಊಟವಾಗಿ ಎಷ್ಟೋ ಹೊತ್ತಿನ ಮೇಲೆ, ನುಂಗುತ್ತಿರುತ್ತಾರೆ. 'ಮಾತ್ರೆಯಿಂದ ಏನೂ ಪ್ರಯೋಜನ ಇಲ್ಲ' ಎಂದು ಆಮೇಲೆ ಬಿಟ್ಟುಬಿಡುತ್ತಾರೆ. ಸರಿಯಾದ ಪ್ರಮಾಣದಲ್ಲಿ ತಿಂದರೆ ತಿಂಗಳಿಗೆ ಸಾವಿರಾರು ರೂಪಾಯಿ ಬೇಕಾಗುತ್ತದೆ. ಇದು ಒಂದು ತಿಂಗಳ ಮಾತಲ್ಲ, ಬದುಕಿರುವವರೆಗೆ ಬೇಕು. ಹಂದಿಯ ಮೂಲದ್ದು ಎಂದು ಮೊದಲೇ ತಿಳಿಸದೆ ಕೊಟ್ಟು, ಆಮೇಲೆ ಗೊತ್ತಾಗಿ ರೋಗಿ ನೊಂದುಕೊಂಡದ್ದನ್ನೂ ಕಂಡಿದ್ದೇನೆ. ದಯವಿಟ್ಟು ಮೊದಲೇ ಹೇಳಿ. ವಿಷಯ ತಿಳಿದು ಯೋಚಿಸಿ ಒಪ್ಪಿಕೊಳ್ಳುವ ಹಕ್ಕು ಅವರಿಗಿದೆ.

ಊಟದ ವಿಷಯದಲ್ಲೂ ಒಂದು ಹಳೆಯ ರೂಢಿ ಬದಲಾಗಬೇಕು. ಪ್ಯಾಂಕ್ರಿಯಾಸ್ ತೊಂದರೆ ಎಂದ ಕೂಡಲೇ ನಮ್ಮ ಕಡೆ ರೋಗಿಗೆ ಗಂಜಿ. ಬೆಳಗ್ಗೆ ಗಂಜಿ, ರಾತ್ರಿ ಗಂಜಿ, ತೆಂಗಿನಕಾಯಿ ಹಾಕಿದ ಸಾರೂ ಇಲ್ಲ, ಮೀನೂ ಇಲ್ಲ. ಪ್ರೀತಿಯಿಂದಲೇ ಮಾಡುತ್ತಾರೆ. ನೋವು ಜೋರಾಗಿರುವ ನಾಲ್ಕು ದಿನಕ್ಕೆ ಸರಿ. ವರ್ಷಗಟ್ಟಲೆ ಹಾಗೆ ತಿಂದರೆ ಮೈಯಲ್ಲಿ ಮಾಂಸವೇ ಉಳಿಯುವುದಿಲ್ಲ. ಈಗಿನ ಮಾರ್ಗಸೂಚಿಗಳು ಕೊಬ್ಬನ್ನು ಪೂರ್ತಿ ಬಿಡಿ ಎನ್ನುವುದಿಲ್ಲ. ಕಿಣ್ವದ ಮಾತ್ರೆ ಸರಿಯಾಗಿ ತಿಂದು, ಸಾಮಾನ್ಯ ಪೌಷ್ಟಿಕ ಊಟವನ್ನು ಸ್ವಲ್ಪ ಸ್ವಲ್ಪವಾಗಿ ಹಲವು ಸಲ ಮಾಡಿ ಎನ್ನುತ್ತವೆ. ಜಿಲ್ಲಾ ಆಸ್ಪತ್ರೆಯ ಡಯಟೀಷಿಯನ್ ಅರ್ಧ ಗಂಟೆ ಕೂತು ಇದನ್ನು ಮನೆಯವರಿಗೆ ಬಿಡಿಸಿ ಹೇಳಿದರೆ ಎಷ್ಟೋ ಕಿಲೋ ತೂಕ ಉಳಿಯುತ್ತದೆ.

ಕೊಬ್ಬು ಜೀರ್ಣವಾಗದಿದ್ದರೆ ಕೊಬ್ಬಿನಲ್ಲಿ ಕರಗುವ ವಿಟಮಿನ್‌ಗಳೂ ದೇಹ ಸೇರುವುದಿಲ್ಲ. ಎ ಕಡಿಮೆಯಾದರೆ ಇರುಳುಗಣ್ಣು. ಕೆ ಕಡಿಮೆಯಾದರೆ ರಕ್ತ ಬೇಗ ಹೆಪ್ಪುಗಟ್ಟುವುದಿಲ್ಲ, ಇದನ್ನು ಪಿಟಿ ಐಎನ್ಆರ್ ಎಂಬ ಸಾದಾ ಪರೀಕ್ಷೆಯಿಂದ ತಿಳಿಯಬಹುದು. ಡಿ ಕಡಿಮೆಯಾದರೆ ಮೂಳೆ ಸವೆಯುತ್ತದೆ. ದೀರ್ಘಕಾಲದ ಪ್ಯಾಂಕ್ರಿಯಾಟೈಟಿಸ್ ರೋಗಿಗಳಲ್ಲಿ ನಾಲ್ವರಲ್ಲಿ ಸುಮಾರು ಒಬ್ಬರಿಗೆ ಆಸ್ಟಿಯೊಪೊರೋಸಿಸ್ (ತೀವ್ರ ಮೂಳೆ ಸವೆತ) ಇದೆ, ಮೂವರಲ್ಲಿ ಸುಮಾರು ಇಬ್ಬರಿಗೆ ಮೂಳೆಯ ಸಾಂದ್ರತೆ ಯಾವುದೋ ಮಟ್ಟದಲ್ಲಿ ಕಡಿಮೆ ಇದೆ ಎಂದು ಹಲವು ಅಧ್ಯಯನಗಳನ್ನು ಕೂಡಿಸಿ 2014ರಲ್ಲಿ ಲೆಕ್ಕ ಹಾಕಿದ್ದಾರೆ. ಮೂವತ್ತು ನಲವತ್ತರ ಗಂಡಸರಲ್ಲಿ ಮೂಳೆ ಸವೆತವನ್ನು ಯಾರು ಹುಡುಕುತ್ತಾರೆ? ಹುಡುಕುವುದಿಲ್ಲ. ಅಡಿಕೆ ತೋಟದಲ್ಲಿ ಜಾರಿ ಬಿದ್ದು ಸೊಂಟ ಮುರಿದ ಮೇಲೆ ಗೊತ್ತಾಗುತ್ತದೆ.

ಹಾಗಾಗಿ ವರ್ಷಕ್ಕೊಮ್ಮೆ ನೋಡಬೇಕಾದದ್ದು ಬಹಳ ಏನಿಲ್ಲ. ಖಾಲಿ ಹೊಟ್ಟೆಯ ಶುಗರ್ ಮತ್ತು ಎಚ್‌ಬಿಎ1ಸಿ, ಹಿಮೋಗ್ಲೋಬಿನ್, ಅಲ್ಬುಮಿನ್, ಮೆಗ್ನೀಷಿಯಂ, ಕ್ಯಾಲ್ಸಿಯಂ, ವಿಟಮಿನ್ ಡಿ, ಪಿಟಿ ಐಎನ್ಆರ್, ಮಲದ ಇಲಾಸ್ಟೇಸ್. ಜೊತೆಗೆ ತೂಕ. ತೂಕದ ಬಗ್ಗೆ ಒತ್ತಿ ಹೇಳುತ್ತೇನೆ. ಅದಕ್ಕೆ ಕಿಟ್ ಬೇಡ, ಖರ್ಚಿಲ್ಲ. ಆದರೂ ಎಷ್ಟೋ ಹೊರರೋಗಿ ಚೀಟಿಗಳಲ್ಲಿ ತೂಕದ ಜಾಗ ಖಾಲಿ ಇರುತ್ತದೆ.

ಕ್ಯಾನ್ಸರ್ ವಿಷಯಕ್ಕೆ ಬರೋಣ. ದೀರ್ಘಕಾಲದ ಪ್ಯಾಂಕ್ರಿಯಾಟೈಟಿಸ್ ಇದ್ದವರಲ್ಲಿ ಪ್ಯಾಂಕ್ರಿಯಾಸ್ ಕ್ಯಾನ್ಸರ್ ಬರುವ ಸಂಭವ ಉಳಿದವರಿಗಿಂತ ಹೆಚ್ಚು. 1993ರ ಒಂದು ದೊಡ್ಡ ಅಂತರರಾಷ್ಟ್ರೀಯ ಅಧ್ಯಯನದಲ್ಲಿ 20 ವರ್ಷಗಳಲ್ಲಿ ನೂರರಲ್ಲಿ ಸುಮಾರು ನಾಲ್ವರಿಗೆ ಬಂದಿತ್ತು. ನಮ್ಮ ಕಡೆಯ ಕಲ್ಲುಕಟ್ಟುವ ಬಗೆಯಲ್ಲಿ ಅಪಾಯ ಇನ್ನೂ ಹೆಚ್ಚು ಎಂದು ಚೆನ್ನೈನ ಅಧ್ಯಯನ ಹೇಳಿದೆ. ಇದನ್ನು ಕೇಳಿದ ಕುಟುಂಬಗಳು ಹೆದರಿ ಸಿಎ 19-9 ಎಂಬ ರಕ್ತ ಪರೀಕ್ಷೆ ಮಾಡಿಸಲು ಓಡುತ್ತವೆ. ಫುಲ್ ಬಾಡಿ ಚೆಕಪ್ ಪ್ಯಾಕೇಜುಗಳಲ್ಲೂ ಅದನ್ನು ಕ್ಯಾನ್ಸರ್ ಟೆಸ್ಟ್ ಎಂದು ಸೇರಿಸಿ ಮಾರುತ್ತಾರೆ. ಅದರಿಂದ ಆಗುವ ಗೊಂದಲ ಅಷ್ಟಿಷ್ಟಲ್ಲ. ಪಿತ್ತನಾಳ ಕಟ್ಟಿಕೊಂಡು ಕಾಮಾಲೆ ಬಂದರೂ ಅದು ಏರುತ್ತದೆ. ಪ್ಯಾಂಕ್ರಿಯಾಸ್‌ಗೆ ಊತ ಬಂದರೂ ಏರಬಹುದು. ಇನ್ನೊಂದು ಕಡೆ, ನೂರರಲ್ಲಿ ಐದರಿಂದ ಹತ್ತು ಜನರ ದೇಹ ಹುಟ್ಟಿನಿಂದಲೇ ಆ ವಸ್ತುವನ್ನು ಮಾಡುವುದಿಲ್ಲ. ಅವರಿಗೆ ಕ್ಯಾನ್ಸರ್ ಇದ್ದರೂ ರಿಪೋರ್ಟ್ ನಾರ್ಮಲ್. ಒಂದು ಅಂಕಿ ನೋಡಿ ಮನೆಮಂದಿಯೆಲ್ಲ ಅತ್ತದ್ದನ್ನೂ, ಆಮೇಲೆ ಪಿತ್ತನಾಳಕ್ಕೆ ಸ್ಟೆಂಟ್ ಎಂಬ ಸಣ್ಣ ಕೊಳವೆ ಹಾಕಿ ಕಾಮಾಲೆ ಇಳಿದ ಮೇಲೆ ಅದೇ ಅಂಕಿ ತಾನೇ ಇಳಿದದ್ದನ್ನೂ ನೋಡಿದ್ದೇನೆ. ಗೊತ್ತಿರುವ ವೈದ್ಯರು ಕಾರಣವಿದ್ದಾಗ ಬರೆಯಲಿ, ಸುಮ್ನೆ ಪ್ಯಾಕೇಜಿನಲ್ಲಿ ಬೇಡ. ಹೊಸದಾಗಿ ಶುಗರ್ ಬಂದು ತೂಕವೂ ಇಳಿಯುತ್ತಿದ್ದರೆ, ಅಥವಾ ಹಳೆಯ ನೋವಿನ ರೀತಿಯೇ ಬದಲಾದರೆ, ತಡಮಾಡದೆ ಸಿಟಿ ಸ್ಕ್ಯಾನ್ ಆಗಬೇಕು.

ಒಳ್ಳೆಯ ಪರೀಕ್ಷೆಗಾಗಿ ಹುಡುಕಾಟ ನಡೆದಿದೆ. 2018ರಲ್ಲಿ ಜರ್ಮನಿಯ ಸಂಶೋಧಕರು 900ಕ್ಕೂ ಹೆಚ್ಚು ಜನರ ರಕ್ತ ನೋಡಿ, ಒಂಬತ್ತು ಮೆಟಬಾಲೈಟ್‌ಗಳು ಮತ್ತು ಸಿಎ 19-9 ಸೇರಿಸಿದರೆ ಕ್ಯಾನ್ಸರ್ ಯಾವುದು, ಬರೀ ದೀರ್ಘಕಾಲದ ಪ್ಯಾಂಕ್ರಿಯಾಟೈಟಿಸ್ ಯಾವುದು ಎಂದು ಸಿಎ 19-9 ಒಂದಕ್ಕಿಂತ ಚೆನ್ನಾಗಿ ಬೇರ್ಪಡಿಸಬಹುದು ಎಂದು ತೋರಿಸಿದರು. ಮೆಟಬಾಲೈಟ್ ಎಂದರೆ ದೇಹ ಕೊಬ್ಬು, ಪ್ರೋಟೀನ್, ಸಕ್ಕರೆಗಳನ್ನು ಬಳಸುವಾಗ ರಕ್ತದಲ್ಲಿ ಉಳಿಯುವ ಸಣ್ಣ ಸಣ್ಣ ರಾಸಾಯನಿಕಗಳು. ಕಾಯಿಲೆ ಬದಲಾದರೆ ಅವುಗಳ ಪ್ರಮಾಣವೂ ಬದಲಾಗುತ್ತದೆ. ಇದು ದಿನನಿತ್ಯದ ಲ್ಯಾಬಿಗೆ ಬರುವ ಮೊದಲು ನಮ್ಮ ಜನರ ರಕ್ತದಲ್ಲೂ ಹಾಗೆಯೇ ಕೆಲಸ ಮಾಡುತ್ತದೆಯೇ ಎಂದು ನೋಡಬೇಕು. ನಮ್ಮ ಊಟ ಬೇರೆ, ನಮ್ಮ ರೋಗಿಗಳು ಹೆಚ್ಚು ಸೊರಗಿದವರು, ಕಾಯಿಲೆಯ ಬಗೆಯೇ ಸ್ವಲ್ಪ ಬೇರೆ. ಅಲ್ಲಿ ಹಾಕಿದ ಗೆರೆ ಇಲ್ಲಿಗೆ ಹೊಂದದೇ ಹೋಗಬಹುದು. ಬೆಂಗಳೂರಿನಲ್ಲಿ ಸರ್ಕಾರದ್ದೇ ಆದ ಗ್ಯಾಸ್ಟ್ರೋಎಂಟರಾಲಜಿ ಸಂಸ್ಥೆ ಇದೆ, ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆ ಇದೆ. ರೋಗಿಗಳ ಒಪ್ಪಿಗೆ ಪಡೆದು, ವಾರ್ಷಿಕ ತಪಾಸಣೆಗೆ ತೆಗೆದ ರಕ್ತದಲ್ಲೇ ಸ್ವಲ್ಪವನ್ನು ಫ್ರೀಜರ್‌ನಲ್ಲಿ ಕಾದಿಟ್ಟು ಒಂದು ರಾಜ್ಯಮಟ್ಟದ ನೋಂದಣಿ ಶುರು ಮಾಡಿದರೆ, ಮುಂದೆ ಅಂಥ ಸಂಶೋಧನೆಗೆ ನಮ್ಮಲ್ಲೇ ಅಡಿಪಾಯ ಸಿಗುತ್ತದೆ. ಕಾಯಿಲೆ ಗುರುತಿಸುವ ಹೊಸ ಬಯೋಮಾರ್ಕರ್ ಬರುವ ತನಕ ಈಗ ಕೈಯಲ್ಲಿರುವುದನ್ನು ಬಳಸದೆ ಕೂರುವುದು ಮಾತ್ರ ಸರಿಯಲ್ಲ.

ದುಡ್ಡಿನ ಮಾತು. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆ 2018ರಿಂದ ಇದೆ. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ. ಕಲ್ಲು ತೆಗೆಸಲು, ಆಪರೇಷನ್ ಮಾಡಿಸಲು ಅದರಿಂದ ಎಷ್ಟೋ ಬಡವರಿಗೆ ಅನುಕೂಲ ಆಗಿದೆ. ಆದರೆ ಯೋಜನೆಯ ಒತ್ತು ಅಡ್ಮಿಟ್ ಆಗುವವರ ಮೇಲೆ. ಪ್ಯಾಂಕ್ರಿಯಾಸ್ ರೋಗಿಯ ಬದುಕು ನಡೆಯುವುದು ಹೊರರೋಗಿಯಾಗಿ. ಅವರಿಗೆ ತಿಂಗಳು ತಿಂಗಳು ಮಾತ್ರೆ, ಇನ್ಸುಲಿನ್, ಸ್ಟ್ರಿಪ್ ಬೇಕು, ವರ್ಷಕ್ಕೊಮ್ಮೆ ಪರೀಕ್ಷೆ ಬೇಕು. ಅದಕ್ಕೆ ಕೈಯಿಂದ ಹಾಕಬೇಕು. ಹಾಕಲು ಆಗದೆ ಬಿಟ್ಟವರು ಕೊನೆಗೆ ಅಡ್ಮಿಟ್ ಆಗಿಯೇ ಬರುತ್ತಾರೆ, ಆಗ ಅದೇ ಸರ್ಕಾರ ಎಷ್ಟೋ ಪಾಲು ಹೆಚ್ಚು ಕೊಡುತ್ತದೆ.

ಆದ್ದರಿಂದ ನಾನು ಕೇಳುವುದು ಇಷ್ಟು. ದೀರ್ಘಕಾಲದ ಪ್ಯಾಂಕ್ರಿಯಾಟೈಟಿಸ್ ರೋಗಿಗಳಿಗೆ 30 ವರ್ಷದ ಗೆರೆ ಅನ್ವಯಿಸುವುದಿಲ್ಲ ಎಂದು ಆದೇಶ ಮಾಡಿ. ಹೊಟ್ಟೆನೋವು ಮತ್ತೆ ಮತ್ತೆ ಬರುವ ಮಕ್ಕಳಿಗೆ, ಹದಿಹರೆಯದವರಿಗೆ ಸೊರಗುವಿಕೆಯೂ ಇದ್ದರೆ, ಅಮೈಲೇಸ್ ನಾರ್ಮಲ್ ಎಂದು ಕೈಬಿಡದೆ ಸ್ಕ್ಯಾನಿಂಗ್‌ಗೆ ಕಳಿಸಿ ಎಂದು ಪ್ರಾಥಮಿಕ ಆರೋಗ್ಯ ಕೇಂದ್ರಗಳಿಗೆ ತಿಳಿಸಿ. ಇಲಾಸ್ಟೇಸ್ ಕಿಟ್‌ಗಳನ್ನು ಜಿಲ್ಲಾ ಪ್ರಯೋಗಾಲಯಗಳ ಖರೀದಿ ಪಟ್ಟಿಗೆ ಸೇರಿಸಿ. ಕಿಣ್ವದ ಕ್ಯಾಪ್ಸೂಲ್‌ಗಳನ್ನು ರಾಜ್ಯದ ಮಟ್ಟದಲ್ಲಿ ಒಟ್ಟಿಗೆ ಖರೀದಿ ಮಾಡಿ ಜಿಲ್ಲಾ ಆಸ್ಪತ್ರೆಗಳಿಂದ ವಿತರಿಸಿ. ಒಟ್ಟಿಗೆ ಕೊಂಡರೆ ಬೆಲೆ ಇಳಿಯುತ್ತದೆ ಎಂದು ಇಲಾಖೆಗೆ ನಾನು ಹೇಳಿಕೊಡಬೇಕಾಗಿಲ್ಲ.

ಇಡೀ ರಾಜ್ಯದಲ್ಲಿ ಒಮ್ಮೆಲೇ ಕಷ್ಟ ಎನ್ನುವುದಾದರೆ ಕರಾವಳಿಯ ಜಿಲ್ಲೆಗಳಿಂದ ಶುರು ಮಾಡಬಹುದು. ನಮ್ಮಲ್ಲಿ ರೋಗಿಗಳಿದ್ದಾರೆ, ಮೆಡಿಕಲ್ ಕಾಲೇಜುಗಳಿವೆ. ಕಾಸರಗೋಡಿನ ಕಡೆಯಿಂದಲೂ ಕನ್ನಡ ಮಾತಾಡುವ ರೋಗಿಗಳು ಮಂಗಳೂರಿಗೇ ಬರುತ್ತಾರೆ, ಅವರನ್ನು ಯಾವ ರಾಜ್ಯದ ಕಾರ್ಡ್ ಎಂದು ಕೇಳಿ ವಾಪಸ್ ಕಳಿಸದಂತೆ ಎರಡೂ ಸರ್ಕಾರಗಳು ಮಾತಾಡಿಕೊಳ್ಳಬೇಕು. ಒಂದು ವರ್ಷ ನಡೆಸಿ, ಎಷ್ಟು ಜನರಲ್ಲಿ ಗೊತ್ತಿಲ್ಲದ ಶುಗರ್ ಸಿಕ್ಕಿತು, ಎಷ್ಟು ಜನರ ಇಲಾಸ್ಟೇಸ್ ಕಡಿಮೆ ಇತ್ತು, ಮಾತ್ರೆ ಕೊಟ್ಟ ಮೇಲೆ ತೂಕ ಎಷ್ಟು ಏರಿತು ಎಂಬ ಅಂಕಿಗಳನ್ನು ಸಾರ್ವಜನಿಕರ ಮುಂದಿಡಿ.

ಇದಕ್ಕೆ ಬೇಕಾದ ಮಾದರಿ ಸಂಗ್ರಹ, ಡಬ್ಬಿಗಳ ಸಾಗಾಟ, ಟೆಕ್ನಿಷಿಯನ್‌ಗಳ ತರಬೇತಿ ಇವುಗಳಲ್ಲಿ ನನ್ನಂಥವರ ಸಹಾಯ ಬೇಕಿದ್ದರೆ ರಜಾದಿನಗಳಲ್ಲಿ ಬಂದು ಮಾಡಲು ತಯಾರಿದ್ದೇನೆ. ಜೊತೆಯ ಕೆಲವರನ್ನೂ ಕೇಳಿದ್ದೇನೆ, ಅವರೂ ಒಪ್ಪಿದ್ದಾರೆ. ಮುಂದಿನ ಬಜೆಟ್‌ಗೆ ಇಲಾಖೆ ತನ್ನ ಪಟ್ಟಿ ಕಳಿಸುವ ಮೊದಲು ಈ ಪತ್ರಕ್ಕೆ ಉತ್ತರ ಬಂದರೆ ಒಳ್ಳೆಯದು.

ಗೌರವಗಳೊಂದಿಗೆ,
ದಕ್ಷಿಣ ಕನ್ನಡದ ಒಬ್ಬ ಲ್ಯಾಬ್ ಟೆಕ್ನಿಷಿಯನ್